ಓದುಗರ ಪ್ರಶ್ನೆ, ನಮ್ಮ ಉತ್ತರ: ಅಫಿನಿಟಿಗೆ ಅರಬ್ಬಿಯಲ್ಲಿ ಏನಂತಾರೆ?

ಪ್ರಶ್ನೆ: ಇಂಗ್ಲಿಷಿನಿಂದ ಅರಬ್ಬಿಗೆ ಅನುವಾದ ಮಾಡೋದು ಕಲೀತಾ ಇದೀನಿ ಸರ್. ಅಫಿನಿಟಿ ಅನ್ನೋ ಪದಕ್ಕೆ ಡಿಕ್ಷನರಿ ತೆಗೆದ್ರೆ ಉಲ್ಫಾ, ಮೈಲ್, ಕರಾಬಾ, ಸಿಲಾ, ಮುಸಾಹರಾ, ಇಂಜಿಝಾಬ್ ಅಂತ ಸಾಲು ಸಾಲು ಕೊಟ್ಟಿದೆ. ಯಾವುದು ಸರಿ? ಒಂದೇ ಒಂದು ಹೇಳಿಬಿಡಿ ಸಾಕು.
(ಅನುವಾದ ಕಲಿಯುತ್ತಿರುವ ವಿದ್ಯಾರ್ಥಿನಿ)

ಉತ್ತರ: ಒಂದೇ ಒಂದು ಹೇಳೋಕೆ ಆಗಲ್ವಲ್ಲ, ಅದೇ ತೊಂದ್ರೆ. ಡಿಕ್ಷನರಿ ಕೊಟ್ಟಿರೋದು ಎಲ್ಲಾ ಸರೀನೇ, ಆದ್ರೆ ಒಂದರ ಜಾಗದಲ್ಲಿ ಇನ್ನೊಂದನ್ನ ಇಟ್ರೆ ವಾಕ್ಯ ಕೆಟ್ಟುಹೋಗುತ್ತೆ. ನೀವು ಮೊದಲು ನೋಡಬೇಕಾದ್ದು ಅರಬ್ಬಿ ಕಡೆ ಅಲ್ಲ, ಇಂಗ್ಲಿಷ್ ವಾಕ್ಯದ ಕಡೆ. ಅಲ್ಲಿ ಯಾರು ಯಾರಿಗೆ ಹತ್ರ ಆಗ್ತಿದಾರೆ, ಯಾಕೆ ಹತ್ರ ಆಗ್ತಿದಾರೆ ಅಂತ.

ಈ ಪದ ಹುಟ್ಟಿದ್ದು ಲ್ಯಾಟಿನ್‌ನಲ್ಲಿ. ಫೀನಿಸ್ ಅಂದ್ರೆ ಗಡಿ, ಎಲ್ಲೆ, ಕೊನೆ. ಅಫೀನಿಸ್ ಅಂದ್ರೆ ಗಡಿಗೆ ಅಂಟಿಕೊಂಡಿರೋನು, ಪಕ್ಕದ ಜಮೀನಿನವನು ಅಂತಾನೇ ಇಟ್ಕೊಳ್ಳಿ. ಅದೇ ಪದಾನ ರೋಮನ್ನರು ಮದುವೆಯಿಂದ ನೆಂಟರಾದವರಿಗೂ ಬಳಸಿದ್ರು, ಮಾವ, ಭಾವ, ಅಳಿಯ ಇವರೆಲ್ಲ ಅಫೀನಿಸ್. ರಕ್ತಸಂಬಂಧಕ್ಕೆ ಅವರ ಹತ್ರ ಬೇರೇನೇ ಪದ ಇತ್ತು. ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದಿದ್ದು ಸುಮಾರು 1300ರ ಹೊತ್ತಿಗೆ, ಆಗಲೂ ಅರ್ಥ ಅದೇ, ಬೀಗತನ. ಮನಸ್ಸಿನ ಒಲವು, ಸಹಜವಾದ ಸೆಳೆತ ಅನ್ನೋ ಅರ್ಥ ಎಲ್ಲ ಆಮೇಲೆ ಬೆಳೆದಿದ್ದು. ಹಾಗಾಗಿ ಇಂಗ್ಲಿಷಲ್ಲಿ ಈ ಪದದೊಳಗೆ ನೆಂಟಸ್ತಿಕೆ, ಹೋಲಿಕೆ, ಇಷ್ಟ, ಸೆಳೆತ ನಾಲ್ಕೂ ಒಟ್ಟಿಗೆ ಕೂತಿವೆ. ಅರಬ್ಬಿಯಲ್ಲಿ ಒಂದೊಂದಕ್ಕೂ ಬೇರೆ ಬೇರೆ ಧಾತು, ಅಂದ್ರೆ ಪದಗಳು ಹುಟ್ಟೋ ಬೇರು, ಇದೆ.

ಇಬ್ಬರು ಮನುಷ್ಯರ ನಡುವೆ, ಪರಿಚಯ ಆಗಿ ಸ್ವಲ್ಪ ಹೊತ್ತಿಗೇ ಹಳೇ ಸ್ನೇಹಿತರ ಥರ ಆರಾಮಾಗಿ ಅನ್ಸುತ್ತಲ್ಲ, ಅದಕ್ಕೆ ಉಲ್ಫಾ. ಅಲಿಫ್, ಲಾಮ್, ಫಾ ಅನ್ನೋ ಮೂರಕ್ಷರದ ಧಾತು ಅದು, ಅಂಟಿಕೊಳ್ಳೋದು, ಒಗ್ಗೋದು, ಜೋಡಿಸೋದು ಅನ್ನೋ ಸುತ್ತ ತಿರುಗುತ್ತೆ. ಪುಸ್ತಕ ಬರೆದವನನ್ನ ಅರಬ್ಬಿಯಲ್ಲಿ ಮುಅಲ್ಲಿಫ್ ಅಂತಾರೆ, ಅಂದ್ರೆ ಜೋಡಿಸಿದವನು. ಕುರಾನಿನ 8ನೇ ಅಧ್ಯಾಯದ 63ನೇ ವಚನದಲ್ಲಿ ಅವರ ಹೃದಯಗಳನ್ನ ಬೆಸೆದ ಅನ್ನೋ ಮಾತು ಬರುತ್ತೆ, ಅಲ್ಲಿರೋ ಅಲ್ಲಫ ಅನ್ನೋ ಕ್ರಿಯಾಪದ ಕೂಡ ಇದೇ ಧಾತುವಿನದು. ಉರ್ದು ಶಾಯರಿ ಕೇಳೋರಿಗೆ ಉಲ್ಫತ್ ಗೊತ್ತಿರುತ್ತೆ, ಅದೂ ಇದೇ, ಆದ್ರೆ ಉರ್ದುಗೆ ಬರೋಷ್ಟರಲ್ಲಿ ಅದು ಪೂರ್ತಿ ಪ್ರೇಮ ಆಗಿಬಿಟ್ಟಿದೆ, ಅರಬ್ಬಿ ಉಲ್ಫಾದಲ್ಲಿ ಅಷ್ಟು ಜ್ವರ ಇಲ್ಲ, ಒಡನಾಟದ ಹಿತ ಇದೆ ಅಷ್ಟೇ.

ಒಬ್ಬ ಮನುಷ್ಯನಿಗೆ ಒಂದು ವಿಷಯದ ಕಡೆ ಒಲವು, ಸಂಗೀತಾನೋ ಗಣಿತಾನೋ ಸಮುದ್ರಾನೋ, ಅದಕ್ಕೆ ಮೈಲ್. ಲದೈಹಿ ಮೈಲುನ್ ಇಲಲ್ ಮೂಸೀಕಾ, ಅವನಿಗೆ ಸಂಗೀತದ ಕಡೆ ಒಲವಿದೆ. ಇದಕ್ಕೆ ಉಲ್ಫಾ ಹಾಕಿದ್ರೆ ಸಂಗೀತದ ಜೊತೆ ಅವನಿಗೆ ಸಲುಗೆ ಬೆಳೆದಿದೆ ಅನ್ನೋ ಹಾಗೆ ಕೇಳುತ್ತೆ, ತಪ್ಪಲ್ಲ, ಆದ್ರೆ ನೀವು ಹೇಳೋಕೆ ಹೊರಟಿದ್ದು ಅದಲ್ಲ.

ಎರಡು ಭಾಷೆ, ಎರಡು ಪ್ರಾಣಿ ಜಾತಿ, ಎರಡು ವಿಚಾರಧಾರೆ ಇವುಗಳ ನಡುವೆ ಹೋಲಿಕೆ ಇದೆ, ಮೂಲ ಒಂದೇ ಇರಬಹುದು ಅನ್ನೋ ಅರ್ಥ ಬಂದಾಗ ಕರಾಬಾ ಅಥವಾ ಸಿಲಾ. ಕರಾಬಾ ಅಂದ್ರೆ ಹತ್ತಿರ ಇರೋದು, ಕರೀಬ್ ಅಂದ್ರೆ ಹತ್ತಿರದವನೂ ಹೌದು ನೆಂಟನೂ ಹೌದು. ಸಿಲಾ ಅಂದ್ರೆ ಕೊಂಡಿ. ಸಿಲತುರ್ ರಹಿಮ್ ಅನ್ನೋ ಮಾತಿದೆ, ಒಡಹುಟ್ಟಿದವರು ನೆಂಟರ ಜೊತೆ ಸಂಬಂಧ ಕಡಿದುಕೊಳ್ಳದೆ ಉಳಿಸಿಕೊಳ್ಳೋ ಧರ್ಮ, ರಹಿಮ್ ಅಂದ್ರೆ ಗರ್ಭ. ಮದುವೆಯಿಂದ ಬಂದ ನಂಟು ಮಾತ್ರ ಆದ್ರೆ ಮುಸಾಹರಾ. ಇಷ್ಟು ಗೊತ್ತಿದ್ರೆ ಡಿಕ್ಷನರಿಯ ಸಾಲು ನೋಡಿ ಗಾಬರಿ ಆಗೋದಿಲ್ಲ.

ಪ್ರಶ್ನೆ: ಅಫಿನಿಟಿ ಅಂದ್ರೂ ಆಕರ್ಷಣೆ, ಅಟ್ರಾಕ್ಷನ್ ಅಂದ್ರೂ ಆಕರ್ಷಣೆ. ಸುಮ್ನೆ ಯಾಕೆ ಕೂದಲು ಸೀಳ್ತೀರಿ? ಎರಡಕ್ಕೂ ಅರಬ್ಬಿಯಲ್ಲಿ ಜಾಝಿಬಿಯ್ಯಾ ಅಂತ ಬರೆದ್ರೆ ಆಯ್ತಲ್ಲ.

ಉತ್ತರ: ಬರೀರಿ, ಓದೋರು ನ್ಯೂಟನ್ನನ್ನ ನೆನಪು ಮಾಡ್ಕೋತಾರೆ. ಜಾಝಿಬಿಯ್ಯಾ ಅಂದ್ರೆ ಇವತ್ತಿನ ಅರಬ್ಬಿಯಲ್ಲಿ ಮೊದಲ ಅರ್ಥ ಗುರುತ್ವಾಕರ್ಷಣೆ, ಎರಡನೇ ಅರ್ಥ ಒಬ್ಬ ವ್ಯಕ್ತಿಯ ಮೋಹಕತೆ, ನೋಡಿದೋರೆಲ್ಲ ತಿರುಗಿ ನೋಡೋ ಹಾಗಿರೋ ಗುಣ. ಎರಡರಲ್ಲೂ ಎಳೆಯೋದು ಒಂದು ಕಡೆಯಿಂದ. ಝ ಅಂತ ನಾನು ಬರೆದಿರೋ ಅಕ್ಷರ ನಿಜವಾಗಿ ಹಲ್ಲಿನ ಮಧ್ಯೆ ನಾಲಿಗೆ ಇಟ್ಟು ಹೇಳೋ ಸದ್ದು, ನಮ್ಮ ಲಿಪಿಯಲ್ಲಿ ಅದಕ್ಕೆ ಅಕ್ಷರ ಇಲ್ಲ, ಇರಲಿ. ಧಾತು ಜೀಮ್, ಝಾಲ್, ಬಾ, ಅಂದ್ರೆ ಎಳೆಯೋದು. ದೇವರ ಕಡೆ ಎಳೆಯಲ್ಪಟ್ಟು ಲೋಕದ ಪರಿವೆ ಬಿಟ್ಟ ಸೂಫಿಯನ್ನ ಮಜ್ಝೂಬ್ ಅಂತಾರಲ್ಲ, ಅದೂ ಇದೇ ಧಾತು.

ಅಟ್ರಾಕ್ಷನ್ ಆಗೋಕೆ ಇಬ್ಬರಲ್ಲೂ ಏನೂ ಒಂದೇ ಥರ ಇರಬೇಕಾಗಿಲ್ಲ, ಪರದೆ ಮೇಲಿರೋ ನಟನ ಕಡೆ ಲಕ್ಷಾಂತರ ಜನ ಸೆಳೆಯಲ್ಪಡ್ತಾರೆ, ಅವನಿಗೆ ಇವರು ಯಾರು ಅಂತಾನೂ ಗೊತ್ತಿರಲ್ಲ. ಅಫಿನಿಟಿ ಅಂದಾಗ ಒಳಗೆಲ್ಲೋ ಒಂದು ಹೊಂದಿಕೆ ಇದೆ, ಅದಕ್ಕೇ ಹತ್ರ ಬಂದ್ರು ಅನ್ನೋ ಧ್ವನಿ ಇರುತ್ತೆ. ಅಶ್ಉರು ಬಿ ಉಲ್ಫತಿನ್ ನಹ್ವಹು ಅಂದ್ರೆ ಅವನ ಬಗ್ಗೆ ನನಗೊಂದು ಆತ್ಮೀಯತೆ ಅನ್ಸುತ್ತೆ ಅಂತ. ಅದರ ಬದಲು ಇಂಜಿಝಾಬ್ ಹಾಕಿ ನೋಡಿ, ಅವನ ಕಡೆ ಸೆಳೆಯಲ್ಪಡ್ತಿದೀನಿ ಅಂತಾಗುತ್ತೆ, ಹಲವು ಸಂದರ್ಭದಲ್ಲಿ ಕೇಳಿದೋರು ಬೇರೇನೇ ತಿಳ್ಕೋತಾರೆ. ಸಹೋದ್ಯೋಗಿಯ ಬಗ್ಗೆ ಶಿಫಾರಸು ಪತ್ರದಲ್ಲಿ ಈ ಪದ ಹಾಕಿದ್ರೆ ಏನಾಗಬಹುದು ನೀವೇ ಊಹೆ ಮಾಡಿ.

ಪ್ರಶ್ನೆ: ಕೆಮಿಸ್ಟ್ರಿಯಲ್ಲಿ ಎಲೆಕ್ಟ್ರಾನ್ ಅಫಿನಿಟಿ, ಕೆಮಿಕಲ್ ಅಫಿನಿಟಿ ಅಂತೆಲ್ಲ ಬರುತ್ತೆ. ಪರಮಾಣುಗಳಿಗೂ ಪ್ರೀತಿ ಇರುತ್ತಾ? ಅರಬ್ಬಿ ಪಠ್ಯದಲ್ಲಿ ಇದಕ್ಕೆ ಏನು ಬಳಸ್ತಾರೆ?
(ವಿಜ್ಞಾನ ಶಿಕ್ಷಕ)

ಉತ್ತರ: ಪ್ರೀತಿ ಇಲ್ಲ ಮೇಷ್ಟ್ರೇ, ಆದ್ರೆ ಪ್ರೀತಿಯ ಭಾಷೆ ಅಲ್ಲಿಗೆ ಹೋಗಿ ಸೇರಿಕೊಂಡ ಕಥೆ ಚೆನ್ನಾಗಿದೆ, ಸ್ವಲ್ಪ ಉದ್ದ ಹೇಳ್ತೀನಿ ಬೇಜಾರು ಮಾಡ್ಕೋಬೇಡಿ.

ಮೈಲುತುತ್ತ ಅಂದ್ರೆ ತಾಮ್ರ ಮತ್ತು ಗಂಧಕಾಮ್ಲ ಸೇರಿ ಆದ ಲವಣ, ಅದರ ದ್ರಾವಣಕ್ಕೆ ಕಬ್ಬಿಣದ ಮೊಳೆ ಹಾಕಿದ್ರೆ ಸ್ವಲ್ಪ ಹೊತ್ತಿಗೆ ಮೊಳೆ ಮೇಲೆ ಕೆಂಪು ತಾಮ್ರ ಕೂರುತ್ತೆ, ನೀಲಿ ಬಣ್ಣ ಕಡಿಮೆ ಆಗ್ತಾ ಹೋಗುತ್ತೆ, ಇದನ್ನ ನೀವೇ ಕ್ಲಾಸಲ್ಲಿ ಎಷ್ಟೋ ಸಲ ತೋರಿಸಿರ್ತೀರಿ. ಹಳೇ ಕಾಲದ ರಸಾಯನಶಾಸ್ತ್ರಜ್ಞರ ಕಣ್ಣಲ್ಲಿ ಇದು ಏನಾಗಿ ಕಂಡಿತು ಅಂದ್ರೆ, ಆಮ್ಲಕ್ಕೆ ತಾಮ್ರಕ್ಕಿಂತ ಕಬ್ಬಿಣ ಹೆಚ್ಚು ಇಷ್ಟ, ಕಬ್ಬಿಣ ಬಂದ ತಕ್ಷಣ ತಾಮ್ರಾನ ಬಿಟ್ಟುಬಿಡ್ತು. 1718ರಲ್ಲಿ ಫ್ರಾನ್ಸಿನ ಎತಿಯೆನ್ ಫ್ರಾಂಸ್ವಾ ಜೊಫ್ರಾ ಅನ್ನೋನು ಇಂಥ ಇಷ್ಟಾನಿಷ್ಟಗಳನ್ನೆಲ್ಲ 16 ಕಂಬಸಾಲಿನ ಒಂದು ಪಟ್ಟಿ ಮಾಡಿದ, ಮೇಲೆ ಒಂದು ವಸ್ತು, ಕೆಳಗೆ ಅದಕ್ಕೆ ಯಾವುದು ಜಾಸ್ತಿ ಹತ್ತಿರ ಯಾವುದು ಕಡಿಮೆ ಅನ್ನೋ ಕ್ರಮದಲ್ಲಿ ಉಳಿದವು. ಕುತೂಹಲದ ವಿಷ್ಯ ಅಂದ್ರೆ ಅವನು ಅಫಿನಿಟಿ ಅನ್ನದೆ ಸಂಬಂಧ ಅನ್ನೋ ಅರ್ಥದ ಫ್ರೆಂಚ್ ಪದ ಬಳಸಿದ. ಆದ್ರೂ ಅಫಿನಿಟಿ ಟೇಬಲ್ ಅನ್ನೋ ಹೆಸರೇ ನಿಂತಿತು. 1775ರಲ್ಲಿ ಸ್ವೀಡನ್ನಿನ ಟೋರ್ಬರ್ನ್ ಬರ್ಗ್‌ಮನ್ ಇದನ್ನ ಇನ್ನೂ ಬೆಳೆಸಿ ಆಯ್ಕೆಯ ಆಕರ್ಷಣೆಗಳು ಅಂತ ಪ್ರಬಂಧ ಬರೆದ. ಜರ್ಮನ್ನಿನಲ್ಲಿ ಆ ಪಾರಿಭಾಷಿಕ ಪದ ಅಕ್ಷರಶಃ ಆಯ್ದುಕೊಂಡ ನೆಂಟಸ್ತಿಕೆ ಅಂತ ಇದೆ, ಗೋಥೆ 1809ರಲ್ಲಿ ಅದನ್ನೇ ತನ್ನ ಒಂದು ಕಾದಂಬರಿಗೆ ಹೆಸರಾಗಿ ಇಟ್ಟ, ಗಂಡಹೆಂಡತಿಯ ನಡುವೆ ಇನ್ನಿಬ್ಬರು ಬಂದು ಸೇರೋ ಕಥೆಗೆ.

ಈಗ ಅರಬ್ಬಿ ನಾಡಿನ ಕಡೆ ಬರ್ತೀನಿ. 1798ರಲ್ಲಿ ನೆಪೋಲಿಯನ್ ಈಜಿಪ್ಟಿಗೆ ದಂಡೆತ್ತಿ ಹೋದಾಗ ಜೊತೆಗೆ ವಿಜ್ಞಾನಿಗಳ ಒಂದು ತಂಡಾನೂ ಕರ್ಕೊಂಡು ಹೋಗಿದ್ದ, ಅದರಲ್ಲಿ ರಸಾಯನಶಾಸ್ತ್ರಜ್ಞ ಕ್ಲೋದ್ ಲೂಯಿ ಬೆರ್ತೊಲೆ ಇದ್ದ. ಅಲ್ಲಿ ನತ್ರೂನ್ ಕಣಿವೆಯ ಸರೋವರಗಳ ದಡದಲ್ಲಿ ಸೋಡಾ (ಕುಡಿಯೋದಲ್ಲ, ಬಟ್ಟೆ ಒಗೆಯೋ ಸೋಡಾ, ಸೋಡಿಯಂ ಕಾರ್ಬೊನೇಟ್) ಪದರ ಪದರವಾಗಿ ಕೂತಿರೋದನ್ನ ನೋಡಿದ. ಉಪ್ಪೂ ಸುಣ್ಣಕಲ್ಲೂ ಸೇರಿ ಸೋಡಾ ಆಗ್ತಿದೆ. ಆದ್ರೆ ಲ್ಯಾಬಿನಲ್ಲಿ ನಡೆಯೋದು ಇದರ ಉಲ್ಟಾ, ಸೋಡಾಗೆ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದ್ರೆ ಸುಣ್ಣಕಲ್ಲು ಕೆಳಗೆ ಕೂತು ಉಪ್ಪು ದ್ರಾವಣದಲ್ಲಿ ಉಳಿಯುತ್ತೆ. ಪಟ್ಟಿಯ ಪ್ರಕಾರ ಇಷ್ಟ ಅನ್ನೋದು ಗಟ್ಟಿ ಇದ್ದಿದ್ರೆ ಉಲ್ಟಾ ಆಗಲೇಬಾರದಿತ್ತು. ಬೆರ್ತೊಲೆ ಹೇಳಿದ, ಬರೀ ಒಲವು ಸಾಲದು, ಎಷ್ಟು ಪ್ರಮಾಣ ಇದೆ ಅನ್ನೋದೂ ಲೆಕ್ಕಕ್ಕೆ ಬರುತ್ತೆ, ಅಲ್ಲಿ ಸುಣ್ಣಕಲ್ಲು ರಾಶಿ ಇದೆ, ಅದಕ್ಕೇ ಕ್ರಿಯೆ ಹಿಂದಕ್ಕೆ ಓಡಿದೆ. 1803ರಲ್ಲಿ ಇದನ್ನೇ ಪುಸ್ತಕವಾಗಿ ಬರೆದ. 1864ರಲ್ಲಿ ನಾರ್ವೆಯ ಗುಲ್ಡ್‌ಬರ್ಗ್ ಮತ್ತು ವಾಗೆ ಅದನ್ನ ಸೂತ್ರಕ್ಕೆ ತಂದ್ರು, ನಿಮ್ಮ ಪಠ್ಯದಲ್ಲಿ ದ್ರವ್ಯರಾಶಿ ಕ್ರಿಯಾ ನಿಯಮ ಅಂತ ಇರೋದು ಅದೇ. ಸೋಡಿಯಂಗೆ ಎನ್ ಎ ಅನ್ನೋ ಚಿಹ್ನೆ ಬಂದಿದ್ದು ನೇಟ್ರಿಯಂ ಅನ್ನೋ ಹೆಸರಿಂದ, ಅದರ ಬೇರು ಇದೇ ನತ್ರೂನ್.

ಇನ್ನು ಎಲೆಕ್ಟ್ರಾನ್ ಅಫಿನಿಟಿ. ಒಂದು ಪರಮಾಣು ಅನಿಲ ಸ್ಥಿತಿಯಲ್ಲಿದ್ದಾಗ ಹೊರಗಿನ ಒಂದು ಎಲೆಕ್ಟ್ರಾನನ್ನ ತನ್ನೊಳಗೆ ಸೇರಿಸ್ಕೊಂಡ್ರೆ ಎಷ್ಟು ಶಕ್ತಿ ಹೊರಬೀಳುತ್ತೆ ಅನ್ನೋ ಅಳತೆ ಅದು. ಎಲ್ಲ ಮೂಲವಸ್ತುಗಳಲ್ಲಿ ಕ್ಲೋರಿನ್ನಿನದು ಅತಿ ಹೆಚ್ಚು, ಮೋಲಿಗೆ ಸುಮಾರು 349 ಕಿಲೋಜೂಲ್, ಫ್ಲೋರಿನ್ 328ರ ಹತ್ರ. ಮಕ್ಕಳು ಇಲ್ಲೇ ಎಡವೋದು, ಎಲೆಕ್ಟ್ರೋನೆಗೆಟಿವಿಟಿಯಲ್ಲಿ, ಅಂದ್ರೆ ಬಂಧದೊಳಗಿನ ಎಲೆಕ್ಟ್ರಾನುಗಳನ್ನ ತನ್ನ ಕಡೆ ಎಳೆಯೋದರಲ್ಲಿ, ಫ್ಲೋರಿನ್ ಮೊದಲು ಅಂತ ಇಲ್ಲೂ ಅದನ್ನೇ ಬರೀತಾರೆ. ಫ್ಲೋರಿನ್ ಪರಮಾಣು ತೀರಾ ಚಿಕ್ಕದು, ಒಳಗಿರೋ ಎಲೆಕ್ಟ್ರಾನುಗಳೇ ಇಕ್ಕಟ್ಟಾಗಿ ಕೂತಿರ್ತವೆ, ಹೊಸದು ಬಂದ್ರೆ ಅವು ತಳ್ಳುತ್ತವೆ.

ಅರಬ್ಬಿಯಲ್ಲಿ ಇದಕ್ಕೆ ಅಲ್ ಉಲ್ಫಾ ಅಲ್ ಇಲಿಕ್ತ್ರೂನಿಯ್ಯಾ ಅಂತಾನೂ ಬರೀತಾರೆ, ಅಲ್ ಮೈಲ್ ಅಲ್ ಇಲಿಕ್ತ್ರೂನೀ ಅಂತಾನೂ ಬರೀತಾರೆ, ಎರಡೂ ಚಾಲ್ತಿಯಲ್ಲಿವೆ. ನನ್ನ ಕೇಳಿದ್ರೆ ಮೈಲ್ ಚೆಂದ, ಒಂಟಿ ಪರಮಾಣುವಿಗೆ ಸಲುಗೆ ಎಲ್ಲಿಂದ ಬರಬೇಕು. ಆದ್ರೆ ಪಠ್ಯದ ಅನುವಾದ ಮಾಡೋರು ಒಂದು ಹಿಡಿದ್ರೆ ಕೊನೇವರೆಗೂ ಅದನ್ನೇ ಹಿಡೀಬೇಕು, ಈ ಪಾಠದಲ್ಲಿ ಉಲ್ಫಾ ಮುಂದಿನ ಪಾಠದಲ್ಲಿ ಮೈಲ್ ಅಂತ ಇದ್ರೆ ಓದೋ ಹುಡುಗರು ಎರಡು ಬೇರೆ ವಿಷ್ಯ ಅಂದ್ಕೋತಾರೆ.

ಪ್ರಶ್ನೆ: ಹಿಮೋಗ್ಲೋಬಿನ್‌ಗೆ ಕಾರ್ಬನ್ ಮೊನಾಕ್ಸೈಡ್ ಬಗ್ಗೆ ಅಫಿನಿಟಿ ಜಾಸ್ತಿ ಅಂತ ಓದಿದೆ. ಇಲ್ಲಿ ಉಲ್ಫಾ ಅಂದ್ರೆ ನಗು ಬರಲ್ವಾ?

ಉತ್ತರ: ಬರಲ್ಲ, ಅರಬ್ಬಿ ವೈದ್ಯಕೀಯ ಬರಹದಲ್ಲಿ ಉಲ್ಫಾನೇ ಬಳಸ್ತಾರೆ. ಪಾರಿಭಾಷಿಕ ಪದ ಆದ ಮೇಲೆ ಅದರ ಹಳೇ ಭಾವ ಯಾರ ತಲೆಗೂ ಬರಲ್ಲ, ನಾವು ವಿದ್ಯುತ್ ಆವೇಶ ಅಂದಾಗ ಯಾರೂ ಮೈಮೇಲೆ ಬಂತು ಅಂದ್ಕೊಳ್ಳಲ್ಲವಲ್ಲ ಹಾಗೆ. ನೀವು ಓದಿದ್ದು ನಿಜ, ರಕ್ತದಲ್ಲಿ ಆಕ್ಸಿಜನ್ ಹೊರೋ ಹಿಮೋಗ್ಲೋಬಿನ್ ಆಕ್ಸಿಜನ್ನಿಗಿಂತ 200ಕ್ಕೂ ಹೆಚ್ಚು ಪಟ್ಟು ಬಲವಾಗಿ ಕಾರ್ಬನ್ ಮೊನಾಕ್ಸೈಡನ್ನ ಹಿಡ್ಕೊಳ್ಳುತ್ತೆ, ಅದಕ್ಕೇ ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಬಾರದು ಅನ್ನೋದು. ಆ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಗಾಳಿಯಲ್ಲಿ ತುಂಬಾ ಕಡಿಮೆ ಇದ್ರೂ ಹಿಮೋಗ್ಲೋಬಿನ್ನಿನ ಬಹಳಷ್ಟು ಜಾಗಗಳನ್ನ ಹಿಡಿದುಬಿಡುತ್ತೆ. ಇದೇ ಅಫಿನಿಟಿ ಜೀವ ಉಳಿಸೋ ಕಡೆಯೂ ಕೆಲಸ ಮಾಡುತ್ತೆ. ಗರ್ಭದಲ್ಲಿರೋ ಮಗುವಿನ ಹಿಮೋಗ್ಲೋಬಿನ್ ಬೇರೆ ಬಗೆಯದು, ತಾಯಿಯದಕ್ಕಿಂತ ಅದಕ್ಕೆ ಆಕ್ಸಿಜನ್ ಮೇಲೆ ಒಲವು ಜಾಸ್ತಿ, ಇಲ್ಲದಿದ್ರೆ ಮಾಸುಚೀಲದ ಹತ್ರ ತಾಯಿಯ ರಕ್ತದಿಂದ ಮಗು ಸಾಕಷ್ಟು ಆಕ್ಸಿಜನ್ ಎಳ್ಕೊಳ್ಳೋಕೆ ಕಷ್ಟ ಆಗ್ತಿತ್ತು.

ಪ್ರಶ್ನೆ: ಕಾನೂನು ದಾಖಲೆಯೊಂದರಲ್ಲಿ ಕನ್ಸಾಂಗ್ವಿನಿಟಿ ಆರ್ ಅಫಿನಿಟಿ ಅಂತ ಇತ್ತು. ನನ್ನ ಜೊತೆಯವರು ರಕ್ತಸಂಬಂಧ ಅಥವಾ ಆಕರ್ಷಣೆ ಅಂತ ಅನುವಾದ ಮಾಡಿದ್ರು. ಏನೋ ಎಡವಟ್ಟು ಅನ್ಸುತ್ತೆ.

ಉತ್ತರ: ಎಡವಟ್ಟೇ. ಕಾನೂನಿನಲ್ಲಿ ಈ ಪದ ಇನ್ನೂ ಹಳೇ ರೋಮನ್ ಅರ್ಥದಲ್ಲೇ ನಿಂತಿದೆ, ರಕ್ತಸಂಬಂಧ ಅಥವಾ ವಿವಾಹದಿಂದ ಬಂದ ಸಂಬಂಧ ಅಂತ ಬರೀಬೇಕು. ಅರಬ್ಬಿಯಲ್ಲಿ ಈ ಜೋಡಿ ಅಚ್ಚುಕಟ್ಟಾಗಿ ಸಿದ್ಧವಾಗೇ ಇದೆ, ಕುರಾನಿನ 25ನೇ ಅಧ್ಯಾಯ 54ನೇ ವಚನದಲ್ಲಿ ದೇವರು ನೀರಿನಿಂದ ಮನುಷ್ಯನನ್ನ ಸೃಷ್ಟಿಸಿ ಅವನಿಗೆ ನಸಬ್ ಮತ್ತು ಸಿಹ್ರ್ ಕೊಟ್ಟ ಅಂತ ಬರುತ್ತೆ. ನಸಬ್ ಅಂದ್ರೆ ವಂಶ, ಸಿಹ್ರ್ ಅಂದ್ರೆ ಮದುವೆಯ ನಂಟು, ಅಳಿಯನಿಗೂ ಅದೇ ಪದ, ಅದೇ ಧಾತುವಿನಿಂದ ಮುಸಾಹರಾ. ಒಂದು ಎಚ್ಚರಿಕೆ, ಮಾಟಮಂತ್ರಕ್ಕೂ ಅರಬ್ಬಿಯಲ್ಲಿ ಸಿಹ್ರ್ ಅಂತಾನೇ ಇದೆ, ಕನ್ನಡದಲ್ಲಿ ಬರೆದ್ರೆ ಎರಡೂ ಒಂದೇ ಥರ ಕಾಣುತ್ತೆ, ಅವರ ಲಿಪಿಯಲ್ಲಿ ಸಕಾರ ಹಕಾರ ಎರಡೂ ಬೇರೆ ಬೇರೆ. ಅಳಿಯ ಅಂತ ಬರೆಯೋಕೆ ಹೋಗಿ ಮಾಟ ಅಂತ ಬರೆದುಬಿಟ್ಟೀರಿ, ಕೆಲವು ಮಾವಂದಿರು ಅದೇ ಸರಿ ಅಂದ್ರೂ ಅನ್ನಬಹುದು.

ಈ ಅಫಿನಿಟಿ ಯುರೋಪಿನಲ್ಲಿ ದೊಡ್ಡ ರಗಳೆ ಮಾಡಿದೆ. ಇಂಗ್ಲೆಂಡಿನ ಎಂಟನೇ ಹೆನ್ರಿ 1509ರಲ್ಲಿ ಮದುವೆ ಆದದ್ದು 1502ರಲ್ಲಿ ತೀರಿಕೊಂಡ ಅಣ್ಣ ಆರ್ಥರನ ವಿಧವೆ ಕ್ಯಾಥರೀನಳನ್ನ, ಪೋಪನ ವಿಶೇಷ ಅನುಮತಿ ತಗೊಂಡೇ ಆಗಿದ್ದು. ಆಮೇಲೆ ಬಿಡಬೇಕು ಅನ್ಸಿದಾಗ ಅಣ್ಣನ ಹೆಂಡತಿಯ ಜೊತೆ ಅಫಿನಿಟಿ ಇತ್ತು, ಆ ಮದುವೆಯೇ ಸಲ್ಲದು ಅಂತ ವಾದ ಹೂಡಿದ. ಪೋಪ್ ಒಪ್ಪಲಿಲ್ಲ, ರೋಮಿನ ಸಂಬಂಧವೇ ಕಡಿದುಹೋಯ್ತು. ಹೆಂಡತಿ ತೀರಿಕೊಂಡ ಮೇಲೆ ಅವಳ ತಂಗಿಯನ್ನ ಮದುವೆ ಆಗೋದಕ್ಕೆ ಬ್ರಿಟನ್ನಿನಲ್ಲಿ ಕಾನೂನು ಬಿಟ್ಟಿದ್ದು 1907ರಲ್ಲಿ, ಅಲ್ಲೀವರೆಗೂ ಇದೇ ಅಫಿನಿಟಿ ಅಡ್ಡ ಇತ್ತು. ಇಸ್ಲಾಮಿನ ಕಾನೂನಲ್ಲೂ ಮುಸಾಹರಾದಿಂದ ಕೆಲವು ಮದುವೆಗಳು ನಿಷಿದ್ಧ ಆಗ್ತವೆ, ಅತ್ತೆ, ಸೊಸೆ ಇಂಥವು ಶಾಶ್ವತವಾಗಿ. ಹೆಂಡತಿಯ ತಂಗಿಯ ವಿಷಯದಲ್ಲಿ ಮಾತ್ರ ಇಬ್ಬರನ್ನೂ ಒಟ್ಟಿಗೆ ಹೆಂಡತಿಯರಾಗಿ ಇಟ್ಟುಕೊಳ್ಳೋ ಹಾಗಿಲ್ಲ ಅಂತಷ್ಟೇ, ಹೆಂಡತಿ ತೀರಿಕೊಂಡ ಮೇಲೆ ಅಡ್ಡಿ ಇಲ್ಲ.

ಪ್ರಶ್ನೆ: ಅಫಿನಿಟಿ, ಇನ್ಫಿನಿಟಿ ಎರಡಕ್ಕೂ ಸಂಬಂಧ ಇದೆಯಾ ಅಥವಾ ಸುಮ್ನೆ ಪ್ರಾಸಾನಾ?

ಉತ್ತರ: ಇದೆ. ಎರಡರಲ್ಲೂ ಅದೇ ಫೀನಿಸ್ ಕೂತಿದೆ. ಗಡಿಗೆ ತಾಗಿಕೊಂಡಿರೋದು ಅಫಿನಿಟಿ, ಗಡಿಯೇ ಇಲ್ಲದ್ದು ಇನ್ಫಿನಿಟಿ. ಫೈನಲ್, ಫಿನಿಷ್, ಡಿಫೈನ್ ಎಲ್ಲ ಅದೇ ಬಳಗ. ಗಣಿತದಲ್ಲಿ ಅಫೈನ್ ಅಂತ ಒಂದು ಪದ ಇದೆ, ಗಣಿತಜ್ಞ ಆಯ್ಲರ್ 1748ರಲ್ಲಿ ಲ್ಯಾಟಿನ್‌ನಲ್ಲಿ ಬಳಸಿದ್ದು, ಆಕಾರ ಎಳೆದಾಡಿದ್ರೂ ಸಮಾಂತರ ಗೆರೆಗಳು ಸಮಾಂತರವಾಗೇ ಉಳಿಯೋ ರೇಖಾಗಣಿತಕ್ಕೆ ಈಗ ಆ ಹೆಸರು. ಅರಬ್ಬಿ ಗಣಿತದವರು ಅದಕ್ಕೆ ತಆಲುಫೀ ಅಂತಾರೆ, ಮತ್ತೆ ಉಲ್ಫಾದ ಧಾತುವೇ.

ಪ್ರಶ್ನೆ: ಕಂಪ್ಯೂಟರಿನ ಪ್ರೊಸೆಸರ್ ಅಫಿನಿಟಿ ಅಂದ್ರೆ?

ಉತ್ತರ: ಪ್ರೊಸೆಸರಿನೊಳಗೆ ಲೆಕ್ಕ ಮಾಡೋ ಘಟಕಗಳು ಹಲವು ಇರ್ತವೆ, ಅವಕ್ಕೆ ಕೋರ್ ಅಂತಾರೆ, ಒಂದು ಪ್ರೋಗ್ರಾಂ ಸದಾ ಇದೇ ಕೋರ್ ಮೇಲೆ ಓಡಲಿ ಅಂತ ಕಟ್ಟಿಹಾಕೋದು. ಅದಕ್ಕೆ ಬೇಕಾದ ಡೇಟಾ ಆ ಕೋರಿನ ಕ್ಯಾಶ್‌ನಲ್ಲಿ, ಅಂದ್ರೆ ಪಕ್ಕದಲ್ಲೇ ಇರೋ ಪುಟ್ಟ ವೇಗದ ಮೆಮೊರಿಯಲ್ಲಿ, ಆಗಲೇ ಇರುತ್ತೆ, ಬೇರೆ ಕೋರಿಗೆ ಹೋದ್ರೆ ಮತ್ತೆ ಮೊದಲಿಂದ ತರಬೇಕು.

ಪ್ರಶ್ನೆ: ಯಂತ್ರಾನುವಾದಕ್ಕೆ ಹಾಕಿದ್ರೆ ಮೈಲ್ ಅನ್ನೋದು ಒಮ್ಮೊಮ್ಮೆ ಮೈಲಿ ಅಂತ ಬರುತ್ತೆ. ನಮ್ಮ ಮೈಲಿಗೂ ಇದಕ್ಕೂ ಏನಾದ್ರೂ ನಂಟು?

ಉತ್ತರ: ಒಲವು ಅನ್ನೋ ಮೈಲ್‌ಗೆ ಇಲ್ಲ. ಅರಬ್ಬಿಯಲ್ಲಿ ಮೀಮ್, ಯಾ, ಲಾಮ್ ಅಂತ ಬರೆದು ಸ್ವರಚಿಹ್ನೆ ಬಿಟ್ಟರೆ ಅದನ್ನ ಮೈಲ್ ಅಂತಾನೂ ಓದಬಹುದು, ಮೀಲ್ ಅಂತಾನೂ ಓದಬಹುದು. ಮೀಲ್ ಅಂದ್ರೆ ದೂರದ ಅಳತೆ, ಅದೂ ಇಂಗ್ಲಿಷಿನ ಮೈಲೂ ಇಬ್ಬರೂ ಸಾವಿರ ಹೆಜ್ಜೆ ಅನ್ನೋ ಲ್ಯಾಟಿನ್ ಪದದ ಮಕ್ಕಳು. ಸಂದರ್ಭ ನೋಡದ ಯಂತ್ರ ಅಲ್ಲಿ ಜಾರುತ್ತೆ. ಇನ್ನೊಂದು ಜಾರೋ ಜಾಗ ಅಂದ್ರೆ ಅದರ ಜೊತೆ ಬರೋ ಉಪಸರ್ಗ, ಮಾಲ ಇಲಾ ಅಂದ್ರೆ ಒಂದರ ಕಡೆ ವಾಲಿದ, ಮಾಲ ಅನ್ ಅಂದ್ರೆ ಅದರಿಂದ ಆಚೆ ವಾಲಿದ, ಮುಖ ತಿರುಗಿಸಿದ. ಕ್ರಿಯಾಪದ ಒಂದೇ, ಪಕ್ಕದ ಪುಟ್ಟ ಪದ ಬದಲಾದ್ರೆ ಒಲವು ಹೋಗಿ ವಿಮುಖತೆ ಆಗುತ್ತೆ. ಅಂದಹಾಗೆ 1037ರಲ್ಲಿ ತೀರಿಕೊಂಡ ತತ್ವಜ್ಞಾನಿ, ವೈದ್ಯ ಇಬ್ನ್ ಸೀನಾ ಭೌತಶಾಸ್ತ್ರದಲ್ಲೂ ಈ ಮೈಲ್ ಪದಾನ ಬಳಸಿದಾನೆ, ಎಸೆದ ವಸ್ತು ಕೈ ಬಿಟ್ಟ ಮೇಲೂ ಮುಂದೆ ಹೋಗ್ತಾ ಇರೋಕೆ ಅದರೊಳಗೆ ಸೇರಿಕೊಂಡ ಒಂದು ಮೈಲ್ ಕಾರಣ ಅಂತ ಅವನ ವಿವರಣೆ.

ಪ್ರಶ್ನೆ: ಇಷ್ಟೆಲ್ಲ ಅರಬ್ಬಿ ಪದ ಹೇಳಿದ್ರಿ, ಸಂಬಂಧ ಅನ್ನೋ ಅರ್ಥದ ಒಂದಾದ್ರೂ ನಮ್ಮ ಕನ್ನಡಕ್ಕೆ ಬಂದಿದೆಯಾ?

ಉತ್ತರ: ದಿನಾ ಬಳಸ್ತೀರಿ. ಐನ್, ಲಾಮ್, ಕಾಫ್ ಅನ್ನೋ ಧಾತುವಿಗೆ ತೂಗುಬೀಳು, ಅಂಟಿಕೋ ಅನ್ನೋ ಅರ್ಥ, ಜಿಗಣೆಗೂ ಅದೇ ಧಾತುವಿನ ಹೆಸರು. ಅದರಿಂದ ಬಂದ ಅಲಾಕಾ ಅಂದ್ರೆ ಅರಬ್ಬಿಯಲ್ಲಿ ಸಂಬಂಧ, ತಅಲ್ಲುಕ್ ಅಂದ್ರೆ ಅಂಟು, ನಂಟು. ಪಾರಸಿ ಉರ್ದು ದಾಟಿ ಆಡಳಿತದ ಭಾಷೆಯಾಗಿ ಕನ್ನಡಕ್ಕೆ ಬಂದಾಗ ಮೊದಲನೆಯದು ಇಲಾಖೆ ಆಯ್ತು, ಎರಡನೆಯದು ತಾಲ್ಲೂಕು ಆಯ್ತು.